ಪೆನ್‌ಡ್ರೈವ್ ಕೀಳುವ ಮುನ್ನ

ನಾನು ಬರೆದ ಪ್ರೋಗ್ರಾಂ ಒಂದೇ ಒಂದು. ಅದಕ್ಕೆ ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಬಿಡು’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ, ಕಂಪ್ಯೂಟರಿಗೆ ಸಿಕ್ಕಿಸಿದ ಪೆನ್‌ಡ್ರೈವನ್ನು ಅದು ಹುಷಾರಾಗಿ ಬಿಡಿಸಿ ಕೊಡುತ್ತದೆ. ಅಷ್ಟೇ ಅದರ ಕೆಲಸ. ಕೇಳಿದವರು “ಇಷ್ಟಕ್ಕ ಇಷ್ಟ್ಯಾಕ ಹಾರಾಡ್ತಿ?” ಎನ್ನುತ್ತಾರೆ. ಹಾರಾಡುತ್ತೇನೆ. ಆ ಪುಟ್ಟ ಪ್ರೋಗ್ರಾಂ ಇಲ್ಲದಿದ್ದರೆ ಇವತ್ತು ನನ್ನ ಅಂಗಡಿ ಇರುವ ಜಾಗದಲ್ಲಿ ಹಿಟ್ಟಿನ ಗಿರಣಿ ತಿರುಗುತ್ತಿರುತ್ತಿತ್ತು, ನಾನು ಮತ್ತೆ ಯಾರದೋ ಆಫೀಸಿನ ಮೂಲೆಯಲ್ಲಿ ಕೂತು ಯಾರದೋ ಹೆಸರು, ವಿಳಾಸ ಟೈಪ್ ಮಾಡುತ್ತಿರುತ್ತಿದ್ದೆ.

ನಿಪ್ಪಾಣಿಯಿಂದ ಭೋಜದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ರಸ್ತೆ ನಮ್ಮ ಮನೆಯ ಮುಂದೆಯೇ ಹೊರಳುತ್ತದೆ. ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರ್ ಎಷ್ಟೇ ಧಿಮಾಕಿನದಾಗಲಿ, ಅಲ್ಲಿ ನಿಧಾನ ಮಾಡಲೇಬೇಕು. ಆ ತಿರುವಿಗೆ ಮುಖ ಮಾಡಿದ ಕೋಣೆಯನ್ನು ಅಪ್ಪ ಕಟ್ಟಿಸಿದ್ದು, ತಾಲೂಕು ಕಚೇರಿಯಲ್ಲಿ ಜವಾನನಾಗಿ ನಿವೃತ್ತನಾದ ಮೇಲೆ. ನಾನು ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ರಾಯಬಾಗದಲ್ಲಿ ಒಂದು ಕಡೆ, ಅಥಣಿಯಲ್ಲಿ ಇನ್ನೊಂದು ಕಡೆ ಡೇಟಾ ಎಂಟ್ರಿ ಮಾಡಿ, ಎರಡೂ ಕಡೆ ಮೇಲಿನವರ ಜೊತೆ ಜಗಳ ಆಡಿ ಮನೆಗೆ ಬಂದಿದ್ದೆ. ಮದುವೆಯ ಮಾತು ಬಂದಾಗಲೂ ಹಾಗೇ ಆಗಿತ್ತು. ನೋಡಲು ಬಂದವರು ಒಂದು ಕೇಳಿದರೆ ನಾನು ಎರಡು ಕೇಳುತ್ತಿದ್ದೆ. ಕಡೆಗೆ ಅಪ್ಪ ಆ ಕೋಣೆಯ ಬೀಗದ ಕೈ ಕೊಟ್ಟು, “ನನ್ನ ರೂಮ್ ಐತಿ, ಏನರ ಮಾಡಕೋ. ಮಂದಿ ಕೂಡ ಮಾತ್ರ ಜಗಳಾಡಬ್ಯಾಡ” ಎಂದ. ಹಾಡು ತುಂಬಿಸುವ ಅಂಗಡಿ ಶುರುವಾದದ್ದು ಹೀಗೆ.

ನಮ್ಮ ಕಡೆ ಟ್ರ್ಯಾಕ್ಟರ್ ಎಂದರೆ ಹಾಡು. ಡೀಸೆಲ್ ಇಲ್ಲದೆ ಒಂದು ಹೆಜ್ಜೆ ಹೋದರೂ ಹೋದೀತು, ಹಾಡಿಲ್ಲದೆ ಹೋಗುವುದಿಲ್ಲ. ಅಥಣಿ ಕಡೆಯ ಡ್ರೈವರಿಗೆ ಡೊಳ್ಳಿನ ಪದ ಬೇಕು, ಗಡಿಯಾಚೆಯವನಿಗೆ ಮರಾಠಿ ಹಾಡು ಬೇಕು, ನಮ್ಮ ಓಣಿಯ ಹುಡುಗರಿಗೆ ಏಪ್ರಿಲ್ ಹತ್ತಿರ ಬಂದಂತೆ ಜಯಂತಿಯ ಹಾಡು ಬೇಕು. ಎಲ್ಲವೂ ನನ್ನ ಹತ್ತಿರ ಇದ್ದವು. ಸತ್ತಿ ಎಂಬ ಊರಿನ ಕಡೆಯ ಹೆಣ್ಣುಮಕ್ಕಳ ತಂಡವೊಂದು ಹಾಡಿದ ಪದಗಳನ್ನು ನಾನೇ ಹೋಗಿ ರೆಕಾರ್ಡ್ ಮಾಡಿಕೊಂಡು ಬಂದಿದ್ದೆ. ಅವು ಬೇರೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ.

ಹಾಡು ತುಂಬಿಸುವುದಕ್ಕೂ ಇಲ್ಲಿ ಒಂದು ಪದ್ಧತಿ ಇದೆ. ಡ್ರೈವರ್ ಎಂಜಿನ್ ಆರಿಸುವುದಿಲ್ಲ. ಹಿಂದೆ ಎರಡು ಟ್ರೇಲರ್ ಕಬ್ಬು, ಮುಂದೆ ಹಳೆಯ ಬ್ಯಾಟರಿ. ಒಮ್ಮೆ ಆರಿದರೆ ಮತ್ತೆ ಹೊತ್ತುತ್ತದೆ ಎನ್ನುವ ನಂಬಿಕೆ ಅವನಿಗೇ ಇರುವುದಿಲ್ಲ. ಇನ್ನೊಂದು, ತನ್ನ ಪೆನ್‌ಡ್ರೈವನ್ನು ಅವನು ಯಾರ ಕೈಗೂ ಕೊಡುವುದಿಲ್ಲ. ಕೊಟ್ಟರೆ ಬದಲಾಯಿಸಿಬಿಡುತ್ತಾರೆ ಎಂಬ ಗುಮಾನಿ. ಹಾಗಾಗಿ ನಾನು ಒಂದು ವೈರನ್ನು ಕೌಂಟರಿನ ಮೇಲಿಂದ ಹೊರಗೆ ಇಳಿಬಿಟ್ಟಿದ್ದೆ. ಅವನೇ ಸಿಕ್ಕಿಸಬೇಕು, ಬೆರಳು ಅದರ ಮೇಲೇ ಇಟ್ಟುಕೊಂಡು ನಿಲ್ಲಬೇಕು, ಮುಗಿಯಿತು ಅನ್ನಿಸಿದ ಕೂಡಲೇ ಅವನೇ ಕಿತ್ತುಕೊಂಡು ಓಡಬೇಕು. ಹಿಂದಿನಿಂದ ಇನ್ನೊಂದು ಟ್ರ್ಯಾಕ್ಟರ್ ಹಾರ್ನ್ ಹೊಡೆಯುತ್ತಿರುತ್ತದೆ. ನನಗೂ ಅವರಿಗೂ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ.

ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಊರೂರಿನ ಪೆನ್‌ಡ್ರೈವ್ ಬಂದು ಬಂದು ನನ್ನ ಕಂಪ್ಯೂಟರಿಗೆ ವೈರಸ್ ಹತ್ತಿಕೊಂಡಿತು. ಒಬ್ಬನಿಂದ ಬಂದದ್ದು ಹತ್ತು ಜನಕ್ಕೆ ಅಂಟುತ್ತಿತ್ತು. ತಲೆ ಕೆಟ್ಟು ಒಂದು ದಿನ ಹಳೆಯದನ್ನೆಲ್ಲ ಅಳಿಸಿ ಲಿನಕ್ಸ್ ಹಾಕಿದೆ. ವೈರಸ್ ಮಾಯವಾಯಿತು. ಕಾಪಿಯಾಗುವುದು ಎಷ್ಟು ಜೋರಾಯಿತೆಂದರೆ, ಪರದೆಯ ಮೇಲಿನ ಹಸಿರು ಗೆರೆ ನೋಡುತ್ತಿದ್ದಂತೆ ತುಂಬಿಬಿಡುತ್ತಿತ್ತು. ಡ್ರೈವರುಗಳಿಗೆ ಖುಷಿ. “ಮ್ಯಾಡಮ್ಮಾರ ಮಶೀನ್ ಈಗ ವಿಮಾನ ಆಗೇತಿ” ಎಂದು ಹೊಗಳಿದರು. ನಾನೂ ಉಬ್ಬಿದೆ.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಪೆನ್‌ಡ್ರೈವ್‌ಗಳು ವಾಪಸು ಬರತೊಡಗಿದವು. ಒಂದರಲ್ಲಿ ಹಾಡು ನಡುವೆ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಇನ್ನೊಂದರಲ್ಲಿ ಹಾಡಿನ ಹೆಸರು ಇರುತ್ತಿತ್ತು, ಹಾಡು ಇರುತ್ತಿರಲಿಲ್ಲ. ಮತ್ತೊಂದು ಏನನ್ನೂ ತೋರಿಸದೆ ಸತ್ತು ಬಿದ್ದಿರುತ್ತಿತ್ತು. ಬೈಗುಳ ಶುರುವಾಯಿತು. ನಾನು ಬೈಗುಳಕ್ಕೆ ಬೈಗುಳ ಕೊಡುವವಳು, ನನಗೇನೂ ಆಗುತ್ತಿರಲಿಲ್ಲ. ಆದರೆ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದವನು ಅಪ್ಪ. ನೌಕರಿಯಲ್ಲಿದ್ದಷ್ಟು ವರ್ಷ ಯಾವ ಸಾಹೇಬನೂ ಅವನ ಮೇಲೆ ದನಿ ಏರಿಸಿರಲಿಲ್ಲ. ಅದನ್ನು ಅವನು ದಿನಕ್ಕೊಮ್ಮೆಯಾದರೂ ಹೇಳಿಕೊಳ್ಳುತ್ತಿದ್ದ. ಈಗ ಸ್ವಂತ ಮನೆಯ ಬಾಗಿಲಲ್ಲಿ ಕೂತು ಕಂಡವರ ಬಾಯಿಂದ ಕಂಡದ್ದು ಕೇಳಬೇಕಾಯಿತು.

ಎಲ್ಲದಕ್ಕೂ ಕಳಶವಿಟ್ಟ ಹಾಗೆ ಜಯಂತಿಯ ದಿನ ಬಂತು. ನಮ್ಮ ಓಣಿಯ ಬೌದ್ಧ ವಿಹಾರದಿಂದ ಹೊರಡುವ ಮೆರವಣಿಗೆಯಲ್ಲಿ ಅಪ್ಪ ಪ್ರತಿ ವರ್ಷ ಬಿಳಿ ಬಟ್ಟೆ ಹಾಕಿಕೊಂಡು ಎಲ್ಲರಿಗಿಂತ ಮುಂದೆ ನಡೆಯುತ್ತಾನೆ. ಹಿಂದೆ ಟ್ರ್ಯಾಕ್ಟರಿನ ಮೇಲೆ ದೊಡ್ಡ ದೊಡ್ಡ ಸ್ಪೀಕರು. ಹಾಡು ನಾನು ತುಂಬಿಸಿದ್ದು. ಮೆರವಣಿಗೆ ಬಸ್‌ ನಿಲ್ದಾಣದ ಮುಂದೆ ಬಂದಿದೆ, ಊರಿಗೆ ಊರೇ ಎರಡೂ ಕಡೆ ನಿಂತು ನೋಡುತ್ತಿದೆ, ಅಷ್ಟರಲ್ಲಿ ಹಾಡು ಪಟ್ಟನೆ ನಿಂತಿತು. ಮತ್ತೆ ಹಚ್ಚಿದರು, ಮತ್ತೆ ನಿಂತಿತು. ಆಮೇಲೆ ಏನೂ ಇಲ್ಲ. ಕುಣಿಯುತ್ತಿದ್ದ ಹುಡುಗರು ಎತ್ತಿದ ಕೈ ಎತ್ತಿದ ಹಾಗೇ ನಿಂತರು. ಆ ಮೌನದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಪ್ಪ ಹಿಂದೆ ತಿರುಗಿ ನನ್ನನ್ನು ಒಂದು ಸಲ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ಬೈದದ್ದು ಮರುದಿನ, ಅದೂ ತಣ್ಣಗೆ. “ಬರೂ ಕಬ್ಬಿನ ಹಂಗಾಮ ಮುಗಿಯೂತನಕ ನಿನ್ನ ಅಂಗಡಿ. ಮುಂದ ಜಯಂತಿ ಮುಗದ ಮ್ಯಾಲ ಗಿರಣಿಯವರಿಗೆ ರೂಮ್ ಕೊಡತೇನಿ. ಮಾತ ಕೊಟ್ಟೇನಿ.”

“ನನ್ನ ಕೇಳದ ಹೆಂಗ ಕೊಟ್ಟಿ?”

“ನನ್ನ ರೂಮ್ ಐತಿ.”

ಒಳಗೆ ಹೋಗಿ ಅತ್ತೆ. ನನಗೆ ಅಳು ಬರುವುದು ಸಿಟ್ಟಿಗೆ ಮಾತ್ರ. ನಾನು ಯಾರ ಮಗಳು, ಯಾಕೆ ಮದುವೆಯಾಗಿಲ್ಲ, ಯಾವ ಓಣಿಯವಳು ಎಂದು ಕೇಳದೆ ಜನ ನನ್ನನ್ನು ‘ಮ್ಯಾಡಮ್’ ಎನ್ನುತ್ತಿದ್ದ ಜಾಗ ಭೂಮಿಯ ಮೇಲೆ ಅದೊಂದೇ ಇತ್ತು. ಅದನ್ನು ಜೋಳದ ಹಿಟ್ಟಿಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಮೊದಲು ಕಾಯಿಲೆ ಏನೆಂದು ತಿಳಿಯಬೇಕಿತ್ತು. ನನ್ನದೇ ಪೆನ್‌ಡ್ರೈವ್ ತಂದು ಹಾಡು ತುಂಬಿಸಿ, ಡ್ರೈವರುಗಳ ಹಾಗೆ ಗೆರೆ ತುಂಬಿದ ಕೂಡಲೇ ಕಿತ್ತೆ. ಮತ್ತೆ ಸಿಕ್ಕಿಸಿ ನೋಡಿದರೆ ಅರ್ಧ ಹಾಡು ಇರಲಿಲ್ಲ. ಇನ್ನೊಮ್ಮೆ ತುಂಬಿಸಿ, ಚಹಾ ಕುಡಿದು ಬಂದು ಕಿತ್ತೆ. ಎಲ್ಲ ಹಾಡೂ ಇದ್ದವು. ಆಗ ಅರ್ಥವಾಯಿತು. ಈ ಹೊಸ ವ್ಯವಸ್ಥೆ ಹಾಡನ್ನು ಮೊದಲು ತನ್ನ ನೆನಪಿನಲ್ಲಿ ಎಳೆದುಕೊಳ್ಳುತ್ತದೆ. ಅಲ್ಲಿಗೇ ಹಸಿರು ಗೆರೆ ತುಂಬಿ ಹೋಗುತ್ತದೆ. ಪೆನ್‌ಡ್ರೈವಿಗೆ ಬರೆಯುವುದು ಆಮೇಲೆ, ಹಿಂದಿನಿಂದ, ಸದ್ದಿಲ್ಲದೆ. ನಮ್ಮವರು ಗೆರೆ ನೋಡುತ್ತಿದ್ದರು, ಕೀಳುತ್ತಿದ್ದರು. ವೈರಸ್ಸೂ ಅಲ್ಲ, ಮಶೀನೂ ಅಲ್ಲ, ಅವಸರ.

ಪರದೆಯ ಮೇಲೆ ಸುರಕ್ಷಿತವಾಗಿ ತೆಗೆಯುವ ಚಿಹ್ನೆಯೊಂದು ಇತ್ತು, ಇಲ್ಲವೆಂದಲ್ಲ. ಆದರೆ ಅದನ್ನು ಒತ್ತಿದರೆ ಬರುತ್ತಿದ್ದದ್ದು ಮೂಲೆಯಲ್ಲಿ ಇಂಗ್ಲಿಷಿನ ಸಣ್ಣ ಚೀಟಿ. ಕೌಂಟರಿನ ಆಚೆಯಿಂದ ಕತ್ತು ಚಾಚಿ ಗೆರೆಯನ್ನಷ್ಟೇ ನೋಡುವವನಿಗೆ ಅದು ಕಾಣುತ್ತಲೂ ಇರಲಿಲ್ಲ, ಕಂಡರೂ ಅವನು ಓದುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಬಾಯಿರುವ ಸಾಧನ. ಡಿಪ್ಲೊಮಾದಲ್ಲಿ ಕಲಿತ ಕಪ್ಪು ಪರದೆ ನೆನಪಾಯಿತು. ಅಲ್ಲಿ ಆಜ್ಞೆ ಟೈಪ್ ಮಾಡಿದರೆ ಅದು ನಾನು ಹೇಳಿದ್ದನ್ನು ನಾನು ಹೇಳಿದ ಮಾತಿನಲ್ಲೇ ಮಾಡುತ್ತದೆ. ‘ಬಿಡು’ ಬರೆದೆ. ಅದು ಮೊದಲು ನೆನಪಿನಲ್ಲಿ ಉಳಿದ ಹಾಡನ್ನೆಲ್ಲ ಪೆನ್‌ಡ್ರೈವಿಗೆ ನೂಕುತ್ತದೆ. ಬೇರೆ ಯಾವುದಾದರೂ ಪ್ರೋಗ್ರಾಂ ಆ ಪೆನ್‌ಡ್ರೈವನ್ನು ಹಿಡಿದುಕೊಂಡಿದೆಯೇ ಎಂದು ನೋಡುತ್ತದೆ. ಹಿಡಿದಿದ್ದರೆ ಅದರ ಹೆಸರು ಹೇಳಿ ತಕರಾರು ತೆಗೆಯುತ್ತದೆ. ಯಾರೂ ಹಿಡಿದಿಲ್ಲದಿದ್ದರೆ ಸಂಬಂಧ ಬಿಡಿಸಿ, ಕರೆಂಟು ಕಡಿದು, ‘ಮುಗಿಯಿತು’ ಎನ್ನುತ್ತದೆ. ಮೊದಲ ಸಲ ತಪ್ಪಿಲ್ಲದೆ ಓಡಿದಾಗ ನಾನು ಒಬ್ಬಳೇ ಚಪ್ಪಾಳೆ ಹೊಡೆದುಕೊಂಡೆ.

ಹಂಗಾಮು ಶುರುವಾಯಿತು, ಟ್ರ್ಯಾಕ್ಟರುಗಳು ಬಂದವು. ನನ್ನ ‘ಬಿಡು’ವಿಗೆ ನಾಯಿಯೂ ಕಿವಿಗೊಡಲಿಲ್ಲ. ನಾನು “ತಡೀರಿ, ತಡೀರಿ” ಎನ್ನುವಷ್ಟರಲ್ಲಿ ಅವರು ಕಿತ್ತುಕೊಂಡು ಸೀಟಿನ ಮೇಲೆ ಹತ್ತಿರುತ್ತಿದ್ದರು. ನಾನು ಕೂಗುತ್ತಿದ್ದೆ, ಅವರು ಕೈ ಬೀಸುತ್ತಿದ್ದರು. ಮಾರನೆಯ ದಿನ ಮತ್ತೆ ಅದೇ ಬೈಗುಳ.

ಒಬ್ಬ ಡ್ರೈವರ್ ಇದ್ದ, ನಡುವಯಸ್ಸಿನವ, ದೊಡ್ಡ ಮೀಸೆ. ಅರ್ಧ ಕನ್ನಡ, ಅರ್ಧ ಮರಾಠಿ. ಉಳಿದವರು ಒಂದು ಬೈದರೆ ಅವನು ಹತ್ತು ಬೈಯುತ್ತಿದ್ದ. ಹಾಗಿದ್ದೂ ಸತ್ತಿಯ ಪದಗಳಿಗಾಗಿ ನನ್ನ ಹತ್ತಿರವೇ ಬರುತ್ತಿದ್ದ. ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಖಾಲಿ ಗಾಡಿ ಹೊಡೆದುಕೊಂಡು ಬಂದ. ಮುಖ ಗಂಟು ಹಾಕಿಕೊಂಡಿದ್ದ. ಪೆನ್‌ಡ್ರೈವ್ ಸಿಕ್ಕಿಸಿದ, ಗೆರೆ ತುಂಬಿತು, ಕೀಳಲು ಹೋದ. ನಾನು ಕೌಂಟರಿನ ಮೇಲಿಂದ ಬಗ್ಗಿ ಅವನ ಮುಂಗೈ ಹಿಡಿದೆ.

“ಅಹೋ ತಾಯಿ, ಕೈ ಬಿಡ್ರಿ! ಗೆರಿ ತುಂಬೇತಿ, ಝಾಲಂ!”

“ಆಗಿಲ್ಲ!”

“ಕಣ್ಣ ಕಾಣಂಗಿಲ್ಲೇನ? ತುಂಬೇತಿ ನೋಡ್ರಿ!”

ಸಿಟ್ಟು ನೆತ್ತಿಗೆ ಏರಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. “ಇವತ್ತ ನೀವು ಕಾರ್ಖಾನಿ ಗೇಟ್ ಎಷ್ಟೊತ್ತಿಗೆ ದಾಟಿದ್ರಿ?”

“ಮುಂಜಾನೆ.”

“ಗಾಡಿ ಎಷ್ಟೊತ್ತಿಗೆ ಖಾಲಿ ಆತು?”

ಅವನ ಮೀಸೆ ಅಲುಗಿತು. “ಅದನ್ನ ಕೇಳಬ್ಯಾಡ್ರಿ. ಯಾರ್ಡಿನ್ಯಾಗ ಕುಂತು ಕುಂತು ಬ್ಯಾಸತ್ತ ಹೋತು. ಈಗ ಆತು.”

“ಮತ್ತ? ಗೇಟ್ ದಾಟಿದ್ರ ಗಾಡಿ ಖಾಲಿ ಆದಂಗೇನು? ಈ ಗೆರಿ ತುಂಬಿದ್ದು ಅಂದ್ರ ಗೇಟ್ ದಾಟಿದ್ದು ಅಷ್ಟ. ನಿಮ್ಮ ಹಾಡು ಇನ್ನೂ ಯಾರ್ಡಿನ್ಯಾಗ ನಿಂತಾವು. ಕಬ್ಬು ಇಳಸದ ಗಾಡಿ ಹೊಡಕೊಂಡ ಬರತೀರೇನು ನೀವು?”

ಅವನ ಕೈ ತಾನಾಗಿ ಸಡಿಲವಾಯಿತು. ಪರದೆಯನ್ನೇ ನೋಡುತ್ತ ನಿಂತ. ಹಿಂದೆ ಹಾರ್ನ್ ಹೊಡೆದವನಿಗೆ ತಿರುಗಿ ಒಂದು ಕೆಟ್ಟ ಬೈಗುಳ ಹಾಕಿದ. ನಾನು ‘ಬಿಡು’ ಹೊಡೆದೆ. ಸ್ವಲ್ಪ ಹೊತ್ತಿಗೆ ಮುಗಿಯಿತು ಎಂದು ಬಂತು. “ಖಾಲಿ ಆತೇನ್ರಿ?” ಎಂದು ಕೇಳಿದ. ಹೌದೆಂದೆ. ಮದುವೆ ಮನೆಯಲ್ಲಿ ಎಲೆ ಅಡಿಕೆ ತೆಗೆದುಕೊಳ್ಳುವಷ್ಟು ಮರ್ಯಾದೆಯಿಂದ ಅದನ್ನು ಬಿಡಿಸಿಕೊಂಡು ಹೋದ.

ಅವತ್ತು ಅಂಗಡಿ ಬಾಗಿಲು ಹಾಕಿ ಪ್ರೋಗ್ರಾಂ ಬದಲಾಯಿಸಲು ಕೂತೆ. ನಾನು ಇಷ್ಟು ದಿನ ಕಂಪ್ಯೂಟರಿನ ಭಾಷೆಯಲ್ಲಿ ಮಾತಾಡಿದ್ದೆ, ಅವರಿಗೆ ಬೇಕಿದ್ದದ್ದು ಯಾರ್ಡಿನ ಭಾಷೆ. ನೆನಪಿನಲ್ಲಿ ಬರೆಯಲು ಇನ್ನೂ ಎಷ್ಟು ಉಳಿದಿದೆ ಎಂದು ಕಂಪ್ಯೂಟರನ್ನು ಕೇಳಿದರೆ ಅದು ಹೇಳುತ್ತದೆ. ಆ ಲೆಕ್ಕವನ್ನು ಪರದೆಯ ಮೇಲೆ ಉದ್ದ ನಿಂತ ಗೆರೆಗಳ ಸಾಲಾಗಿ ಮಾಡಿದೆ, ಗಾಡಿಯಲ್ಲಿ ನಿಲ್ಲಿಸಿದ ಕಬ್ಬಿನ ಜಲ್ಲೆಗಳ ಹಾಗೆ. ಹಾಡು ಪೆನ್‌ಡ್ರೈವಿಗೆ ಇಳಿದಂತೆ ಒಂದೊಂದೇ ಜಲ್ಲೆ ಮಾಯವಾಗುತ್ತದೆ. ಎಲ್ಲ ಹೋದ ಮೇಲೆ ಪರದೆ ತುಂಬ ಹಸಿರು ಅಕ್ಷರದಲ್ಲಿ ‘ಖಾಲಿ ಆತು’. ಅಲ್ಲಿಯವರೆಗೆ ಕೆಂಪಿನಲ್ಲಿ ‘ತಡಿರಿ’. ಕೆಳಗೆ ಮರಾಠಿಯಲ್ಲೂ ಅದೇ ಮಾತು. ಕಪ್ಪು ಪರದೆಗೆ ನಮ್ಮ ಒತ್ತಕ್ಷರ ಎಂದರೆ ಆಗದು, ಮುರಿದು ಚೂರು ಮಾಡಿ ತೋರಿಸುತ್ತದೆ. ಅದಕ್ಕೇ ಒತ್ತಿಲ್ಲದ ಮಾತುಗಳನ್ನೇ ಹುಡುಕಿ ಹಾಕಿದೆ. ಕೊನೆಗೆ ಕಂಪ್ಯೂಟರಿನ ಮುಖವನ್ನೇ ರಸ್ತೆಯ ಕಡೆ ತಿರುಗಿಸಿಬಿಟ್ಟೆ. ಇನ್ನು ಮೇಲೆ ನಾನು ಕತ್ತು ಉದ್ದ ಮಾಡಿ ನೋಡಬೇಕು, ಅವರು ನೆಟ್ಟಗೆ ನಿಂತು ನೋಡಬಹುದು.

ಆಮೇಲೆ ಆದದ್ದನ್ನು ಹೇಳಲು ನನಗೆ ಈಗಲೂ ಎದೆ ಉಬ್ಬುತ್ತದೆ. ಮೀಸೆಯವನು ಯಾರ್ಡಿನಲ್ಲಿ ಕಾಯುತ್ತ ಕೂತಾಗ ಎಲ್ಲರಿಗೂ ಈ ಕಥೆ ಹೇಳಿದ್ದ. ಕಾಯುವ ಸಂಕಟ ಗೊತ್ತಿದ್ದ ಜನ ಅವರು, ಇನ್ನೊಬ್ಬರಿಗೆ ವಿವರಿಸಬೇಕಾದ್ದೇ ಇರಲಿಲ್ಲ. ಬಂದವರು ಸಿಕ್ಕಿಸಿ, ಬೆರಳು ತೆಗೆದು, ಕೈ ಕಟ್ಟಿಕೊಂಡು ಜಲ್ಲೆ ಇಳಿಯುವುದನ್ನು ನೋಡುತ್ತ ನಿಲ್ಲತೊಡಗಿದರು. ಯಾರಾದರೂ ಹೊಸಬ ಕೈ ಚಾಚಿದರೆ ಹಿಂದಿನವನೇ “ಏ, ಇನ್ನೂ ಕಬ್ಬು ಐತಿ, ಕೈ ತಗೀಲೇ!” ಎನ್ನುತ್ತಿದ್ದ. ಗಡಿಯಾಚೆಯವರು “ರಿಕಾಮಿ ಝಾಲಿ ಕಾ?” ಎಂದು ಮರಾಠಿಯಲ್ಲಿ ಖಾಲಿ ಆಯಿತೇ ಎಂದು ಕೇಳುತ್ತಿದ್ದರು. ಹಾರ್ನ್ ನಿಂತಿತು ಎಂದು ಸುಳ್ಳು ಹೇಳುವುದಿಲ್ಲ, ಕಡಿಮೆಯಾಯಿತು. ಹಾಳಾಗಿ ವಾಪಸು ಬರುವ ಪೆನ್‌ಡ್ರೈವ್ ಮಾತ್ರ ಪೂರಾ ನಿಂತಿತು. ಕಾಗವಾಡದ ಕಡೆಯ ಡ್ರೈವರುಗಳು ಸುತ್ತು ಹಾಕಿಕೊಂಡು ನನ್ನ ಅಂಗಡಿಗೆ ಬರುತ್ತಿದ್ದರು. ನಾನು ರಾಣಿಯ ಹಾಗೆ ಕೂತಿರುತ್ತಿದ್ದೆ.

ಒಂದು ದಿನ ಒಬ್ಬನ ಪೆನ್‌ಡ್ರೈವ್ ಎಷ್ಟು ಹೊತ್ತಾದರೂ ಬಿಡಲೊಲ್ಲದು. ಜಲ್ಲೆ ಎಲ್ಲ ಇಳಿದಿವೆ, ಆದರೂ ಕೆಂಪು ಹೋಗಲೊಲ್ಲದು. ಯಾರು ಹಿಡಿದುಕೊಂಡಿದ್ದಾರೆ ಎಂದು ಪ್ರೋಗ್ರಾಂ ತೋರಿಸಿದ್ದನ್ನು ಓದಿದರೆ, ಹಾಡು ನುಡಿಸುವ ಪ್ರೋಗ್ರಾಂ ಓಡುತ್ತಿದೆ. ನಾನಂತೂ ಹಚ್ಚಿರಲಿಲ್ಲ. ಬಗ್ಗಿ ನೋಡಿದರೆ ಅಪ್ಪ! ಮೌಸನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, ಉದ್ದ ವೈರಿನ ಹೆಡ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಆ ಗಿರಾಕಿಯ ಹಳೆಯ ಭಜನೆಯನ್ನು ಕೇಳುತ್ತ ಕುರ್ಚಿಯಲ್ಲಿ ತೂಗುತ್ತಿದ್ದ.

“ಅಪ್ಪಾ! ಅವರ ಗಾಡಿ ಹಿಡಕೊಂಡ ಕುಂತೀಯಲ್ಲ, ಬಿಡು!”

ಗಿರಾಕಿಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಹೆಡ್‌ಫೋನ್ ಕಳಚಿ, “ನಾ ಹಿಡದೇನಿ ಅಂತ ಇದಕ್ಕ ಹೆಂಗ ಗೊತ್ತಾತು?” ಎಂದು ಪರದೆಯನ್ನು ಗುಮಾನಿಯಿಂದ ನೋಡಿದ. ಸಾಹೇಬರ ಮುಂದೆಯೂ ಸಿಕ್ಕಿಬೀಳದವನು ಮಗಳ ಪ್ರೋಗ್ರಾಮಿಗೆ ಸಿಕ್ಕಿಬಿದ್ದಿದ್ದ. ಅವನ ಮುಖದಲ್ಲಿ ನಗು ಇತ್ತು. ನನಗೆ ಆಸೆ ಹುಟ್ಟಿತು.

ಆದರೆ ಅಪ್ಪ ಮಾತು ತಿರುಗಿಸುವವನಲ್ಲ. ಹಂಗಾಮು ಮುಗಿಯುತ್ತ ಬಂದಾಗ ಗಿರಣಿಯವನು ಟೇಪ್ ಹಿಡಿದುಕೊಂಡು ಬಂದು ಕೋಣೆ ಅಳೆದ. ಮಶೀನು ಎಲ್ಲಿ ಕೂರಿಸುವುದು ಎಂದು ನನ್ನ ಕಾಲ ಕೆಳಗೇ ಸುಣ್ಣದಿಂದ ಗೆರೆ ಎಳೆದ. ನಾನು ಅಪ್ಪನ ಕಡೆ ನೋಡಿದೆ. “ಡ್ರೈವರ್ ಮಂದಿ ಹೊಗಳ್ಯಾರ, ಖರೆ. ನಮ್ಮ ಮಂದಿ ಮುಂದ ಹೋದ ಮರ್ಯಾದಿ ಬಂತೇನು?” ಎಂದ. ಜಯಂತಿ ಕಮಿಟಿಯವರು ಈ ಸಲ ಹಾಡನ್ನು ನಿಪ್ಪಾಣಿಯಿಂದ ತುಂಬಿಸಿಕೊಂಡು ಬರುತ್ತಾರೆ ಎಂಬ ಸುದ್ದಿ ಅಷ್ಟರಲ್ಲಿ ನನಗೂ ತಲುಪಿತ್ತು. ನನಗೆ ಒಂದು ಮಾತೂ ಹೇಳಿರಲಿಲ್ಲ.

ಜಯಂತಿಯ ದಿನ ಬೆಳಿಗ್ಗೆ ಬಿಳಿ ಸೀರೆ ಉಟ್ಟು ವಿಹಾರಕ್ಕೆ ಹೋಗಿ ವಂದನೆ ಮುಗಿಸಿ ಬಂದು ಅಂಗಡಿ ತೆರೆದೆ. ಸುಣ್ಣದ ಗೆರೆಯ ಮೇಲೆಯೇ ಕುರ್ಚಿ ಹಾಕಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಸ್ಪೀಕರು ಹೊತ್ತ ಟ್ರ್ಯಾಕ್ಟರ್ ಬಂದು ಅಂಗಡಿಯ ಮುಂದೆಯೇ ನಿಂತಿತು. ಹೊಡೆಯುತ್ತಿದ್ದವನು ಮೀಸೆಯ ಡ್ರೈವರ್. ಹಿಂದೆ ಕಮಿಟಿಯ ಕಾರ್ಯದರ್ಶಿ, ಹೈಸ್ಕೂಲ್ ಮಾಸ್ತರ, ಬೆವರುತ್ತ ಓಡಿ ಬಂದ. ಅವನ ಹಿಂದೆ ಅಪ್ಪ, ಬಿಳಿ ಬಟ್ಟೆಯಲ್ಲಿ. ನಿಪ್ಪಾಣಿಯಿಂದ ತಂದ ಪೆನ್‌ಡ್ರೈವ್ ತೆರೆಯುತ್ತಲೇ ಇಲ್ಲವಂತೆ. ತುಂಬಿಸಿಕೊಂಡ ಹುಡುಗರು ಬಸ್ ತಪ್ಪುತ್ತದೆ ಎಂದು ಎಳೆದುಕೊಂಡು ಓಡಿಬಂದಿದ್ದರಂತೆ. ಜನ ಎಲ್ಲ ಸೇರಿದ್ದಾರೆ, ನೀಲಿ ನಿಶಾನೆ ಹಿಡಿದು ನಿಂತಿದ್ದಾರೆ, ಹಾಡಿಲ್ಲ.

ಅನ್ನಲು ಬಹಳ ಇತ್ತು. ಅವರದೇ ಪೆನ್‌ಡ್ರೈವನ್ನು ಪೂರಾ ಅಳಿಸಿ ಹೊಸದಾಗಿ ಸಜ್ಜು ಮಾಡಿ, ನನ್ನ ಹತ್ತಿರವಿದ್ದ ಜಯಂತಿಯ ಹಾಡುಗಳನ್ನೆಲ್ಲ ಹಾಕಿದೆ. ಹಸಿರು ಗೆರೆ ನೋಡುತ್ತಿದ್ದಂತೆ ತುಂಬಿತು. ‘ಬಿಡು’ ಹೊಡೆದೆ. ಪರದೆಯ ತುಂಬ ಕೆಂಪು, ಸಾಲುಗಟ್ಟಿ ನಿಂತ ಜಲ್ಲೆ. ಆ ಪೆನ್‌ಡ್ರೈವ್ ಎಲ್ಲಿಯ ಕಳಪೆ ಮಾಲೋ ಏನೋ, ಒಂದು ಜಲ್ಲೆ ಇಳಿಯಬೇಕಾದರೆ ಯುಗ ಹಿಡಿಯುತ್ತಿತ್ತು. ವಿಹಾರದ ಕಡೆಯಿಂದ ಘೋಷಣೆ ಕೇಳಿಸುತ್ತಿತ್ತು. ಮಾಸ್ತರನ ಫೋನ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಈ ಪೆನ್‌ಡ್ರೈವ್ ಇವತ್ತು ನಡುವೆ ನಿಂತರೆ ನಾಳೆ ಈ ಸುಣ್ಣದ ಗೆರೆಯ ಮೇಲೆ ಸಿಮೆಂಟು ಬೀಳುತ್ತದೆ.

“ಕಾಕಾ, ಮಂದಿ ಕಾಯಾಕತ್ತಾರ!” ಮಾಸ್ತರ ಅಪ್ಪನ ಕಡೆ ತಿರುಗಿ ಕೂಗಿದ. “ಕಾಪಿ ಆಗಿ ಎಷ್ಟೊತ್ತಾತು, ನಾನ ನೋಡೇನಿ. ತಗೀರಿ ಅದನ್ನ!” ಎಂದವನೇ ಕೈ ಚಾಚಿದ.

ಮೀಸೆಯವನು ಸೀಟಿನ ಮೇಲಿಂದ “ಸರ್, ಗಾಡಿ ಇನ್ನೂ ಯಾರ್ಡಿನ್ಯಾಗ ಐತ್ರಿ!” ಎಂದು ಚೀರಿದ. ಮಾಸ್ತರನಿಗೆ ಅದು ತಲೆಬುಡ ತಿಳಿಯಲಿಲ್ಲ. ಅವನ ಬೆರಳು ಪೆನ್‌ಡ್ರೈವನ್ನು ಮುಟ್ಟಿಯೇ ಬಿಟ್ಟಿತ್ತು. ಅಷ್ಟರಲ್ಲಿ ಅಪ್ಪ ನಡುವೆ ಬಂದು ನಿಂತ. ಎಷ್ಟೋ ವರ್ಷ ಸಾಹೇಬರ ಕೋಣೆಯ ಬಾಗಿಲಲ್ಲಿ ನಿಂತು ಬೇಡವಾದವರನ್ನು ತಡೆದ ಮನುಷ್ಯ, ಆ ನಿಲುವು ಅವನಿಗೆ ಹೊಸದಲ್ಲ.

“ಕೈ ಹಚ್ಚಬ್ಯಾಡ್ರಿ ಸರ್.”

“ಕಾಕಾ, ಹೋದ ವರ್ಷ ಏನಾತು ಮರತೀರೇನು?”

“ಮರತಿಲ್ಲ. ಅದಕ್ಕ ಹೇಳಾಕತ್ತೇನಿ. ಆಕಿ ಆತು ಅನ್ನೂತನಕ ಯಾರೂ ಹಚ್ಚಂಗಿಲ್ಲ.”

ಮಶೀನು ಹೇಳುವವರೆಗೆ ಎನ್ನಲಿಲ್ಲ ಅವನು. ಆಕಿ ಎಂದ. ನಾನು ಕಣ್ಣು ಒರೆಸಿಕೊಳ್ಳದೆ ಪರದೆಯನ್ನೇ ನೋಡಿದೆ. ಜಲ್ಲೆ ಇಳಿಯುತ್ತ ಇಳಿಯುತ್ತ ಕೊನೆಗೆ ಒಂದೇ ಉಳಿಯಿತು. ಅದು ಬಹಳ ಹೊತ್ತು ಅಲ್ಲೇ ನಿಂತಿತ್ತು. ಮಾಸ್ತರನೂ ಅದನ್ನೇ ನೋಡುತ್ತಿದ್ದ. ಆಮೇಲೆ ಅದೂ ಹೋಯಿತು, ಪರದೆಗೆ ಪರದೆಯೇ ಹಸಿರಾಯಿತು.

“ಖಾಲಿ ಆತು!” ನಾನು, ಅಪ್ಪ, ಮೀಸೆಯವನು ಮೂವರೂ ಒಟ್ಟಿಗೆ ಕೂಗಿದೆವು.

ಮೆರವಣಿಗೆ ಹೊರಟಿತು. ನಾನು ಅಂಗಡಿಗೆ ಬೀಗ ಹಾಕಿ ಹೆಂಗಸರ ಗುಂಪಿನಲ್ಲಿ ಸೇರಿಕೊಂಡೆ. ಒಂದು ಹಾಡು ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ಬಸ್‌ ನಿಲ್ದಾಣ ಹತ್ತಿರ ಬಂದಾಗ ನನ್ನ ಪಕ್ಕದ ಹೆಂಗಸರೂ ಸ್ಪೀಕರಿನ ಕಡೆ ತಿರುಗಿದರು, ಎಲ್ಲರಿಗೂ ನೆನಪಿತ್ತು. ಹಾಡು ನಿಲ್ಲಲಿಲ್ಲ. ಗೋಡೆ ನಡುಗುವ ಹಾಗೆ ಮೊಳಗಿತು. ಹುಡುಗರು ಅಲ್ಲೇ ಬೇಕೆಂದೇ ಮೆರವಣಿಗೆ ನಿಲ್ಲಿಸಿಕೊಂಡು ಕುಣಿದರು. ನಾನೂ ಕುಣಿದೆ. ನಾನು ಕುಣಿದದ್ದನ್ನು ನಮ್ಮ ಊರು ಮೊದಲ ಸಲ ನೋಡಿದ್ದು ಅವತ್ತು, ನೋಡಲಿ ಬಿಡಿ. ಮೀಸೆಯ ಡ್ರೈವರ್ ಮೇಲಿಂದ ನನಗೆ ಸಲ್ಯೂಟ್ ಹೊಡೆದ.

ಊಟದ ಪಂಗತಿಯಲ್ಲಿ ಗಿರಣಿಯವನೂ ಬಂದಿದ್ದ. ಬುಂದಿ ತಿನ್ನುತ್ತ ಅಪ್ಪನ ಪಕ್ಕ ಜರುಗಿ, “ಮತ್ತ ಕಾಕಾ, ನಾಳೆ ಮಶೀನಿಗೆ ಕಟ್ಟಿ ಕಟ್ಟಾಕ ಗವಂಡ್ಯಾನ್ನ ಕರಕೊಂಡ ಬರಲ್ಯಾ? ಮಶೀನ್ ಬಂದ ಕುಂತೇತಿ” ಎಂದ. ನಾನು ಎದುರು ಸಾಲಿನಲ್ಲಿ ಸಾರು ಬಡಿಸುತ್ತಿದ್ದೆ, ಸೌಟು ಕೈಯಲ್ಲೇ ನಿಂತಿತು. ಅಪ್ಪ ತುತ್ತು ನುಂಗಿ, ನೀರು ಕುಡಿದು, ನಿಧಾನವಾಗಿ ಬಾಯಿ ಒರೆಸಿಕೊಂಡ. ಕೊಟ್ಟ ಮಾತನ್ನು ಅವನು ಎಂದೂ ಹಿಂದೆ ತೆಗೆದುಕೊಂಡವನಲ್ಲ.

“ನಾ ನಿಮಗ ಮಾತ ಕೊಟ್ಟಿದ್ದ ತಪ್ಪಾತ್ರಿ,” ಎಂದ. “ರೂಮ್ ನಂದಲ್ಲ. ಆಕೀದು. ಆಕೀನ್ನ ಕೇಳ್ರಿ.”

ಪಂಗತಿಯ ಜನ ಎಲ್ಲ ನನ್ನ ಕಡೆ ತಿರುಗಿದರು. ಗಿರಣಿಯವನು ಮುಖವೆತ್ತಿ, “ಏನಂತೀರಿ ಮ್ಯಾಡಮ್?” ಎಂದ. ಯಾರು ಏನು ಕೇಳಿದರೂ ಮಾತು ಮುಗಿಯುವ ಮೊದಲೇ ಉತ್ತರ ಕೊಡುವ ನಾನು ಮೊದಲು ಅಪ್ಪನ ಕಡೆ ನೋಡಿದೆ. ಅಪ್ಪ ತಲೆ ತಗ್ಗಿಸಿಕೊಂಡು ಊಟ ಮಾಡುತ್ತಿದ್ದ, ಆದರೆ ಅಗಿಯುವುದನ್ನು ನಿಲ್ಲಿಸಿದ್ದ.

“ಕೊಡಂಗಿಲ್ರಿ” ಎಂದೆ. ಮುಂದಿನವರ ಎಲೆಗೆ ಸಾರು ಬಡಿಸಿದೆ.